ಹಿಕ್ಕಿಯ ಚಿತ್ರದಲ್ಲಿನ ಗೊಮ್ಮಟ: ಹೆಸರಿಲ್ಲದ ಒಂದು ಕೈಯ ಅನ್ವೇಷಣೆ

ಲಂಡನ್ನಿನ ಇಂಡಿಯಾ ಆಫೀಸ್ ಗ್ರಂಥಭಂಡಾರದಲ್ಲಿದ್ದು, 1982ರಲ್ಲಿ ಆ ಭಂಡಾರದೊಡನೆಯೇ ಬ್ರಿಟಿಷ್ ಲೈಬ್ರರಿಯ ಆಡಳಿತಕ್ಕೆ ಸೇರಿದ ತೈಲವರ್ಣಚಿತ್ರವೊಂದು ಜೈನ ಹಸ್ತಪ್ರತಿಗಳ ಅಭ್ಯಾಸಿಗಳಿಗೆ ವಿಶೇಷವಾಗಿ ಸಂಬಂಧಪಟ್ಟಿದೆ. ಅದನ್ನು ರಚಿಸಿದವನು ಐರ್ಲೆಂಡಿನ ಡಬ್ಲಿನ್ ನಗರದಲ್ಲಿ 1741ರಲ್ಲಿ ಜನಿಸಿ 1824ರಲ್ಲಿ ಮದ್ರಾಸಿನಲ್ಲಿ ಮೃತನಾದ ಥಾಮಸ್ ಹಿಕ್ಕಿ ಎಂಬ ವೃತ್ತಿಪರ ಭಾವಚಿತ್ರಕಾರ. ರಚನೆಯ ವರ್ಷ 1816. ಚಿತ್ರದ ನಡುವೆ ಕೆಂಪು ಸೈನಿಕ ಉಡುಪಿನಲ್ಲಿ ನಿಂತವನು ಕರ್ನಲ್ ಕಾಲಿನ್ ಮೆಕೆಂಜಿ. ಹಿಂದಿನ ವರ್ಷವಷ್ಟೇ ಅವನು ಭಾರತದ ಪ್ರಥಮ ಸರ್ವೇಯರ್ ಜನರಲ್ ಆಗಿ ನೇಮಕಗೊಂಡಿದ್ದನು. ಮರುವರ್ಷ ಮದ್ರಾಸನ್ನು ಬಿಟ್ಟು ಕಲ್ಕತ್ತೆಗೆ ತೆರಳಿದನು. ಅವನೊಡನೆ ಮೂವರು ಭಾರತೀಯರಿದ್ದಾರೆ. ದೂರದರ್ಶಕವನ್ನು ಹಿಡಿದವನು ಜವಾನ ಕಿಸ್ಟ್ನಾಜಿ ಎಂದೂ, ಮತ್ತೊಬ್ಬನು ತೆಲುಗು ಬ್ರಾಹ್ಮಣ ಪಂಡಿತ ಕಾವಲಿ ವೆಂಕಟ ಲಕ್ಷ್ಮಯ್ಯನೆಂದೂ, ಓಲೆಗರಿಯ ಗ್ರಂಥವನ್ನು ಹಿಡಿದವನು ಜೈನ ಪಂಡಿತ ಧರ್ಮಯ್ಯನೆಂದೂ ಗುರುತಿಸುವುದು ರೂಢಿ. ಇವರೆಲ್ಲರ ಹಿಂದೆ, ದೂರದ ಗುಡ್ಡದ ಮೇಲೆ, ಗೊಮ್ಮಟಮೂರ್ತಿ.

ಮುಂಭಾಗದ ನಾಲ್ವರ ಬಗ್ಗೆ ಸಾಕಷ್ಟು ಬರೆಯಲಾಗಿದೆ. ಹಿಂದಿನ ಮೂರ್ತಿಯ ವಿಷಯದಲ್ಲಿ ಅದು ಯಾವ ಊರಿನದು ಎಂಬ ಒಂದು ಪ್ರಶ್ನೆಯ ಹೊರತು ಹೆಚ್ಚಿನ ವಿಚಾರ ನಡೆದಂತೆ ತೋರುವುದಿಲ್ಲ. ಪ್ರಕೃತ ಲೇಖನದ ಪ್ರಶ್ನೆ ಬೇರೆ. ಹಿಕ್ಕಿಯು ತನ್ನ ಕ್ಯಾನ್ವಾಸಿನ ಮೇಲೆ ಈ ಮೂರ್ತಿಯನ್ನು ಯಾರ ಕಣ್ಣಿನಿಂದ ಕಂಡು ಬರೆದನು?

ಮೊದಲು ಮೂರ್ತಿಯ ಗುರುತು. ಇದು ಶ್ರವಣಬೆಳಗೊಳದ ಗೊಮ್ಮಟನೆಂದು ಕೆಲವರು ಬರೆದಿದ್ದರೂ, ಚಿತ್ರವನ್ನು ಪರಿಶೀಲಿಸಿದ ಕಲೆಯ ಇತಿಹಾಸಕಾರರು ಸಾಮಾನ್ಯವಾಗಿ ಕಾರ್ಕಳದ ಮೂರ್ತಿಯೆಂದೇ ಹೇಳುತ್ತಾರೆ. ನಮ್ಮ ಕ್ಷೇತ್ರಗಳನ್ನು ಬಲ್ಲ ಓದುಗರಿಗೆ ಇದನ್ನು ನಿರ್ಧರಿಸುವುದು ಕಷ್ಟವಲ್ಲ. ಬೆಳಗೊಳದ 58 ಅಡಿಗಳ ಮೂರ್ತಿಯು ಬೆಟ್ಟದ ಶಿಖರದ ಬಂಡೆಯನ್ನೇ ಕಡಿದು ಮಾಡಿದ್ದು. ಚಾವುಂಡರಾಯನ ಕಾಲಕ್ಕೆ ಅದರ ಸುತ್ತ ಏನಿದ್ದರೂ, ಹನ್ನೆರಡನೆಯ ಶತಮಾನದಲ್ಲಿ ಗಂಗರಾಜನು ಸುತ್ತಾಲಯವನ್ನು ಮಾಡಿಸಿದ ಮೇಲೆ ಕೆಳಗಿನಿಂದ ನೋಡುವವನಿಗೆ ಸ್ವಾಮಿಯ ಮೇಲ್ಭಾಗ ಮಾತ್ರ ಕಾಣಸಿಗುತ್ತದೆ. ಪಾದದರ್ಶನವಾಗಬೇಕಾದರೆ ಬೆಟ್ಟವನ್ನು ಹತ್ತಿ ಒಳಾಂಗಣಕ್ಕೇ ಹೋಗಬೇಕು. ಕಾರ್ಕಳದಲ್ಲಿ ಹಾಗಿಲ್ಲ. ಶಕ ಸಂವತ್ 1353ರಲ್ಲಿ, ಎಂದರೆ ಕ್ರಿ. ಶ. 1432ರ ಫೆಬ್ರುವರಿಯಲ್ಲಿ, ಭೈರರಸ ವೀರಪಾಂಡ್ಯನು ಲಲಿತಕೀರ್ತಿಗಳ ಉಪದೇಶದಿಂದ ಪ್ರತಿಷ್ಠಾಪಿಸಿದ ಸುಮಾರು 42 ಅಡಿಗಳ ಆ ಮೂರ್ತಿಯು ಬಂಡೆಗುಡ್ಡದ ಮೇಲಿನ ಎತ್ತರದ ಜಗತಿಯ ಮೇಲೆ ಬಯಲಿನಲ್ಲಿ ನಿಂತಿದೆ. ಸುತ್ತಣ ಗೋಡೆಯು ತಗ್ಗಿನದಾದುದರಿಂದ ಮೂರ್ತಿಯ ಬಹುಭಾಗವು ದೂರಕ್ಕೂ ಗೋಚರಿಸುತ್ತದೆ. ಹಿಕ್ಕಿಯ ಚಿತ್ರದ ದೂರದ ನೋಟಕ್ಕೆ ಹೊಂದುವುದು ಕಾರ್ಕಳವೇ ಹೊರತು ಬೆಳಗೊಳವಲ್ಲ.

ಆದರೆ ಈ ನಿರ್ಣಯದಿಂದಲೇ ಮುಂದಿನ ತೊಡಕು ಹುಟ್ಟುತ್ತದೆ. 1816ರಲ್ಲಿ ಹಿಕ್ಕಿಯು ಎಪ್ಪತ್ತೈದರ ವೃದ್ಧ, ಮದ್ರಾಸಿನ ನಿವಾಸಿ. ಮುಂದೆ ನಿಂತ ನಾಲ್ವರು ಅವನ ಚಿತ್ರಶಾಲೆಗೆ ಬಂದು ನಿಲ್ಲಬಲ್ಲರು; ಗೊಮ್ಮಟನು ಬರಲಾರನು. ಪಶ್ಚಿಮ ಘಟ್ಟಗಳಾಚೆಯ ಆ ಗುಡ್ಡವನ್ನು ಚಿತ್ರಕಾರನು ಮತ್ತೊಬ್ಬರು ಬರೆದ ಹಾಳೆಯೊಂದನ್ನು ಮುಂದಿಟ್ಟುಕೊಂಡು ಬರೆದನೆಂದು ಭಾವಿಸುವುದೇ ಯುಕ್ತ. ಆ ಹಾಳೆ ಬಂದಿರಬಹುದಾದುದೂ ಒಂದೇ ಕಡೆಯಿಂದ: ಮೆಕೆಂಜಿಯ ಸಂಗ್ರಹದಿಂದ. ಹೋರೇಸ್ ಹೇಮನ್ ವಿಲ್ಸನ್ 1828ರಲ್ಲಿ ಕಲ್ಕತ್ತೆಯಲ್ಲಿ ಪ್ರಕಟಿಸಿದ ವಿವರಣಾತ್ಮಕ ಸೂಚಿಯಂತೆ ಆ ಸಂಗ್ರಹದಲ್ಲಿ 1,568 ಗ್ರಂಥಪ್ರತಿಗಳು, 8,076 ಶಾಸನಪಾಠಗಳು, 6,218 ನಾಣ್ಯಗಳು ಮತ್ತು 2,630 ಚಿತ್ರಗಳಿದ್ದವು. ಗ್ರಂಥಗಳ ಹಾಗೂ ಶಾಸನಪಾಠಗಳ ಉಪಯೋಗವನ್ನು ನಮ್ಮ ವಿದ್ವಾಂಸರು ಎಷ್ಟೋ ಬಾರಿ ಪಡೆದಿದ್ದಾರೆ. ಚಿತ್ರಗಳು ಬೇರೆಯಾಗಿ ಲಂಡನ್ನಿಗೆ ಹೋದುದರಿಂದ ನಮ್ಮ ಕಣ್ಣಿಗೆ ಬಿದ್ದುದು ಕಡಿಮೆ.

ಗ್ರಂಥಸಂಪಾದನೆಯ ಭಾಷೆಯಲ್ಲಿ ಹೇಳುವುದಾದರೆ ಹಿಕ್ಕಿಯ ಗೊಮ್ಮಟನು ಮಾತೃಕೆಯಲ್ಲ, ಪ್ರತಿ. ಅದೂ ಪ್ರತಿಯ ಪ್ರತಿ ಇರಬಹುದು. ಏಕೆಂದರೆ ಮೆಕೆಂಜಿಯ ಕಚೇರಿಯಲ್ಲಿ ಸ್ಥಳದಲ್ಲಿ ಗೀಚಿಕೊಂಡ ಕರಡು ಚಿತ್ರವನ್ನು ಬಳಿಕ ಇನ್ನೊಬ್ಬನು ಶುದ್ಧಪ್ರತಿ ಮಾಡುವ ಪದ್ಧತಿಯಿತ್ತು. ಕೆಲವು ಹಾಳೆಗಳ ಮೇಲೆ ಬರೆದವನ ಹೆಸರೂ ಪ್ರತಿ ತೆಗೆದವನ ಹೆಸರೂ ಬೇರೆಬೇರೆಯಾಗಿ ನಮೂದಾಗಿವೆ. ಇವು ಆ ಹಾಳೆಗಳ ಪುಷ್ಪಿಕೆಗಳು. ಓಲೆಗರಿಯಲ್ಲಿ ಲಿಪಿಕಾರನು ಕೊನೆಯಲ್ಲಿ ತನ್ನ ಹೆಸರು, ಸಂವತ್ಸರ, ಯಾರ ಪಠನಾರ್ಥ ಬರೆದನೆಂಬ ಮಾತು, ಕೈತಪ್ಪನ್ನು ಮನ್ನಿಸಬೇಕೆಂಬ ಬಿನ್ನಹ ಇವನ್ನು ಸೇರಿಸುವಂತೆಯೇ. ಪುಷ್ಪಿಕೆಯಿಲ್ಲದ ಪ್ರತಿಯ ಲಿಪಿಕಾರನನ್ನು ನಾವು ಹೇಗೆ ಹುಡುಕುತ್ತೇವೆಯೋ ಹಾಗೆಯೇ ಈ ಕೈಯನ್ನೂ ಹುಡುಕಬೇಕು: ಬರವಣಿಗೆಯ ರೀತಿ, ಸ್ಥಳನಾಮಗಳ ರೂಪ, ಜೊತೆಯಲ್ಲಿದ್ದವರ ಸುಳುಹು.

ನಮ್ಮ ಪರಂಪರೆಯಲ್ಲಿಯೂ ಚಿತ್ರಕಾರನ ಹೆಸರು ಉಳಿಯುವುದು ಅಪೂರ್ವ. ಮೂಡಬಿದಿರೆಯ ಸಿದ್ಧಾಂತ ಬಸದಿಯ ಹನ್ನೆರಡನೆಯ ಶತಮಾನದ ಸಚಿತ್ರ ಓಲೆಗಳನ್ನು ನೆನೆಯಬಹುದು. ಧವಲಾ ಗ್ರಂಥದ ಪ್ರಶಸ್ತಿಯಲ್ಲಿ ಶಾಸ್ತ್ರದಾನ ಮಾಡಿದವರನ್ನೂ ಗುರುಗಳನ್ನೂ ಕೊಂಡಾಡಲಾಗಿದೆ. ಗರಿಯ ಮೇಲೆ ಜಿನಬಿಂಬವನ್ನೂ ಯಕ್ಷಿಯನ್ನೂ ಬಿಡಿಸಿದ ಕುಂಚವನ್ನು ಹೆಸರಿಸಿ ನೆನೆದಿಲ್ಲ. ಆದುದರಿಂದ ವಿದೇಶೀಯರ ಕಚೇರಿಯನ್ನು ಮಾತ್ರ ದೂರುವುದು ಸಲ್ಲದು.

ಅನ್ವೇಷಣೆಯನ್ನು ಕಾರ್ಕಳದಿಂದಲ್ಲ, ಕೋಲಾರದ ದಾರಿಯಿಂದ ಆರಂಭಿಸುವುದು ಲೇಸು. ಮದ್ರಾಸಿನಿಂದ ಮೈಸೂರು ಸೀಮೆಗೆ ಬಂದ ಸೈನಿಕರೂ ಮೋಜಣಿದಾರರೂ ಪ್ರವಾಸಿಗಳೂ ಬಹುಮಟ್ಟಿಗೆ ಈ ಭಾಗದಿಂದಲೇ ಒಳಹೊಕ್ಕವರು. ಮೂಡಣ ಬಾಗಿಲು ಎಂಬುದೇ ಮುಳಬಾಗಿಲಿನ ಹೆಸರು. ಕಂಪೆನಿಯ ಜನರ ನಡುವೆ ಹವ್ಯಾಸಿ ಚಿತ್ರಕಾರನೆಂದರೆ ಯಾರು ಎಂಬುದು ಸ್ಪಷ್ಟವಾಗುವುದೂ ಇಲ್ಲಿಂದಲೇ. 1791ರ ಫೆಬ್ರುವರಿಯಲ್ಲಿ ಕಾರ್ನ್‌ವಾಲಿಸನ ಸೇನೆ ಮುಗಲಿ ಕಣಿವೆಯನ್ನು ಏರಿ ಮುಳಬಾಗಿಲಿನ ಮಾರ್ಗವಾಗಿ ಬಂದಿತು. 28ರಂದು ಕೋಲಾರದ ಕೋಟೆ ಶರಣಾಯಿತು. ಮಾರ್ಚ್ ಮೊದಲ ವಾರದಲ್ಲಿ ಸೇನೆ ಬೆಂಗಳೂರನ್ನು ಮುಟ್ಟಿತು. ಆ ಯುದ್ಧದಲ್ಲಿ ದುಡಿದ ಅಧಿಕಾರಿಗಳಲ್ಲಿ ಹಲವರ ಚೀಲದಲ್ಲಿ ಬಣ್ಣದ ಪೆಟ್ಟಿಗೆಯಿತ್ತು. ಮೋಜಣಿದಾರ ರಾಬರ್ಟ್ ಹೈಡ್ ಕೋಲ್‌ಬ್ರೂಕ್, ಅಲೆಕ್ಸಾಂಡರ್ ಅಲನ್, ಫಿರಂಗಿದಳದ ಜೇಮ್ಸ್ ಹಂಟರ್ ಇವರು ಬರೆದ ನೋಟಗಳು ಲಂಡನ್ನಿನಲ್ಲಿ ಮುದ್ರಣಗೊಂಡವು. ಕೋಲ್‌ಬ್ರೂಕನ ಹನ್ನೆರಡು ನೋಟಗಳು ಮತ್ತು ಅಲನನ ಸಂಪುಟ 1793-94ರ ವೇಳೆಗೆ ಬಂದವು. 1792ರಲ್ಲಿಯೇ ಮೃತನಾದ ಹಂಟರನ 40 ಫಲಕಗಳು ಅವನ ಮರಣಾನಂತರ 1805ರಲ್ಲಿ. ಜೈನಧರ್ಮದ ಕುರಿತು ‘ಏಷಿಯಾಟಿಕ್ ರಿಸರ್ಚಸ್’ನಲ್ಲಿ ಬರೆದ ಹೆನ್ರಿ ಥಾಮಸ್ ಕೋಲ್‌ಬ್ರೂಕನೂ ಈ ಮೋಜಣಿದಾರನ ಮನೆತನದವನೇ ಎಂಬುದನ್ನು ಇಲ್ಲಿ ಹೇಳಬಹುದು.

ಇವರನ್ನು ಹವ್ಯಾಸಿಗಳೆನ್ನುವುದು ಅವರಿಗೆ ಅಭ್ಯಾಸವಿರಲಿಲ್ಲವೆಂಬ ಅರ್ಥದಲ್ಲಲ್ಲ. ಇಂಗ್ಲೆಂಡಿನ ವುಲ್ವಿಚ್ ಸೈನಿಕ ವಿದ್ಯಾಲಯದಲ್ಲಿ ಪಾಲ್ ಸ್ಯಾಂಡ್‌ಬಿಯಂತಹ ಹೆಸರಾಂತ ಕಲಾವಿದನೇ ಚಿತ್ರಲೇಖನವನ್ನು ಕಲಿಸುತ್ತಿದ್ದನು. ಕೋಟೆಯ ಏರುತಗ್ಗುಗಳನ್ನು ಬರೆದು ತೋರಿಸುವುದು ಫಿರಂಗಿಯವನಿಗೆ ಅವಶ್ಯವಾದ ವಿದ್ಯೆಯಾಗಿತ್ತು. ಜೀವನೋಪಾಯಕ್ಕೆ ಚಿತ್ರ ಬರೆಯದವರು ಎಂಬುದಷ್ಟೇ ಹವ್ಯಾಸಿ ಶಬ್ದದ ತಾತ್ಪರ್ಯ. ಅವರು ಅಧಿಕಾರಿಗಳಾದುದರಿಂದ ಹೆಸರು ಉಳಿಯಿತು; ಪ್ರತಿ ಫಲಕದ ಅಡಿಯಲ್ಲಿ ಅಚ್ಚಾಯಿತು. ಆದರೆ ಅವರ ಕಣ್ಣೆಲ್ಲ ಸಾವನದುರ್ಗ, ಹುತ್ರಿದುರ್ಗದಂತಹ ಗಿರಿದುರ್ಗಗಳ ಮೇಲೆ, ಹೈದರನ ಗೋರಿಯ ಮೇಲೆ. ಬಸದಿಗಳು ಅವರ ಸಂಪುಟಗಳ ವಿಷಯವಲ್ಲ. ಮೆಕೆಂಜಿಯೂ ಆ ಯುದ್ಧದಲ್ಲಿ ಇಂಜಿನಿಯರನಾಗಿ ಕೆಲಸ ಮಾಡಿದವನೇ. ಗೊಮ್ಮಟನ ಹಾಳೆಯನ್ನು ಬರೆದ ಕೈ ಈ ಮೊದಲ ಗುಂಪಿನದಲ್ಲವೆಂದು ನಿಸ್ಸಂಶಯವಾಗಿ ಬಿಡಬಹುದು.

ಎರಡನೆಯ ಗುಂಪು 1799ರ ನಂತರದ ಮೈಸೂರು ಮೋಜಣಿಯದು. ಟಿಪ್ಪುವಿನ ಪತನವಾದ ಮೇಲೆ ಮೆಕೆಂಜಿಯು ಈ ರಾಜ್ಯದ ಅಳತೆಯನ್ನು ಕೈಗೊಂಡನು. ಅವನ ಕೈಕೆಳಗೆ ಪೂರ್ವದ ಗಡಿಯನ್ನು ಅಳೆಯುತ್ತಿದ್ದವನು 33ನೆಯ ರೆಜಿಮೆಂಟಿನ ಲೆಫ್ಟಿನೆಂಟ್ ಜಾನ್ ವಾರೆನ್. 1802ರಲ್ಲಿ ಉರಿಗಾಂ, ಮಾರಿಕುಪ್ಪಂ ಪ್ರದೇಶದ ಮಣ್ಣಿನಲ್ಲಿ ಚಿನ್ನವಿದೆಯೆಂಬ ಜನಜನಿತ ವಾರ್ತೆಯನ್ನು ಬೆನ್ನಟ್ಟಿ, ಹಳ್ಳಿಗರಿಂದ ಗಾಡಿಯಲ್ಲಿ ಮಣ್ಣು ತರಿಸಿ ತೊಳೆಯಿಸಿ ನೋಡಿದವನು ಇವನೇ. ಮುಂದೆ 1825ರಲ್ಲಿ ‘ಕಾಲಸಂಕಲಿತ’ವೆಂಬ ಪಂಚಾಂಗಗಣಿತದ ಗ್ರಂಥವನ್ನು ಮದ್ರಾಸಿನಲ್ಲಿ ಪ್ರಕಟಿಸಿದವನೂ ಇವನೇ. ಅಳತೆಗೆ ಬಂದವರು ಅಳತೆಯನ್ನಷ್ಟೇ ಮಾಡಲಿಲ್ಲವೆಂಬುದಕ್ಕೆ ವಾರೆನನು ಒಳ್ಳೆಯ ನಿದರ್ಶನ.

ಈ ಅಧಿಕಾರಿಗಳಿಗಿಂತ ನಮಗೆ ಮುಖ್ಯರಾದವರು ಅವರ ಕೆಳಗಿನ ಹುಡುಗರು. 1794ರಲ್ಲಿ ಮದ್ರಾಸಿನಲ್ಲಿ ಮೈಕೇಲ್ ಟಾಪಿಂಗನ ಆಶ್ರಯದಲ್ಲಿ ಮೋಜಣಿ ಶಾಲೆಯೊಂದು ಸ್ಥಾಪಿತವಾಯಿತು. ಯೂರೋಪಿಯನ್ ತಂದೆಯರ ಅನಾಥ ಮಕ್ಕಳನ್ನು, ಬಹುಪಾಲು ಮಿಶ್ರ ಸಂತಾನದವರನ್ನು, ಎಳೆಯ ವಯಸ್ಸಿನಲ್ಲಿಯೇ ಸೇರಿಸಿಕೊಂಡು ಲೆಕ್ಕ, ಅಳತೆ, ನಕ್ಷೆಗಳನ್ನು ಕಲಿಸಿ ಕಳುಹಿಸುತ್ತಿದ್ದರು. ಮೆಕೆಂಜಿಯ ತಂಡಗಳಲ್ಲಿ ಬಿಸಿಲಿನಲ್ಲಿ ಸರಪಳಿ ಎಳೆದವರು ಇವರೇ. ಬೆಂಜಮಿನ್ ಸ್ವೈನ್ ವಾರ್ಡ್, ಹೆನ್ರಿ ಹ್ಯಾಮಿಲ್ಟನ್, ಜಾನ್ ನ್ಯೂಮನ್ ಮುಂತಾಗಿ ಮೆಕೆಂಜಿಯ ಕೈಕೆಳಗಿನ ಮೋಜಣಿದಾರರ ಮತ್ತು ನಕ್ಷೆಗಾರರ ಹೆಸರುಗಳು ಸಂಗ್ರಹದ ಹಾಳೆಗಳಲ್ಲಿಯೂ ಕಡತಗಳಲ್ಲಿಯೂ ಬರುತ್ತವೆ. ಹಿಕ್ಕಿಯು ಭಾವಚಿತ್ರವನ್ನು ಬರೆದ 1816ರ ವೇಳೆಗೇ ಅಮರಾವತಿಯ ಬೌದ್ಧ ಶಿಲ್ಪಗಳನ್ನು ಇವರಲ್ಲಿ ಹ್ಯಾಮಿಲ್ಟನ್, ನ್ಯೂಮನ್ ಮೊದಲಾದವರು ಚಿತ್ರಿಸುತ್ತಿದ್ದರು.

ಮಿಲ್ಡ್ರೆಡ್ ಆರ್ಚರ್ 1969ರಲ್ಲಿ ಇಂಡಿಯಾ ಆಫೀಸಿನ ಬ್ರಿಟಿಷ್ ಚಿತ್ರಗಳಿಗೆ ಸಿದ್ಧಪಡಿಸಿದ ಸೂಚಿ ಎರಡು ಸಂಪುಟಗಳಲ್ಲಿದೆ. ಮೊದಲನೆಯದು ಹವ್ಯಾಸಿಗಳಿಗೆ, ಎರಡನೆಯದು ಅಧಿಕೃತ ಹಾಗೂ ವೃತ್ತಿಪರ ಚಿತ್ರಕಾರರಿಗೆ. ಮೆಕೆಂಜಿಯ ಸಂಗ್ರಹವು ಎರಡನೆಯದರಲ್ಲಿದೆ. ಸೂಚೀಕಾರರಿಗೆ ಈ ವಿಭಾಗ ಅನಿವಾರ್ಯವಾಗಿದ್ದಿರಬಹುದು. ಆದರೆ ಗೊಮ್ಮಟನ ಹಾಳೆಯ ವಿಷಯದಲ್ಲಿ ಅದು ನಮ್ಮನ್ನು ದಾರಿ ತಪ್ಪಿಸುತ್ತದೆ. ಆ ಹುಡುಗರಿಗೆ ಸಂಬಳ ಬರುತ್ತಿದ್ದುದು ನಕ್ಷೆಗಾಗಿ. ಬಸದಿ, ಮಾನಸ್ತಂಭ, ಶಾಸನಗಳ ಸಂಗ್ರಹವು ಮೆಕೆಂಜಿಯ ಸ್ವಂತ ಆಸಕ್ತಿ, ಬಹುಮಟ್ಟಿಗೆ ಅವನ ಸ್ವಂತ ವೆಚ್ಚದ ಕಾರ್ಯ. ಅವನ ಮರಣಾನಂತರ (ಅವನು 8 ಮೇ 1821ರಂದು ತೀರಿಕೊಂಡನು) ಸರ್ಕಾರವು ಅದನ್ನು ಅವನ ವಿಧವೆಯಿಂದ ಒಂದು ಲಕ್ಷ ರೂಪಾಯಿಗಳನ್ನಿತ್ತು ಕೊಳ್ಳಬೇಕಾಯಿತು. ಕಾಯೋತ್ಸರ್ಗದಲ್ಲಿ ನಿಂತ ನಿರ್ಗ್ರಂಥಮೂರ್ತಿಯನ್ನು ಬರೆಯುವುದು ಆ ಶಾಲೆಯ ಪಾಠವಾಗಿರಲಿಲ್ಲ. ಅದನ್ನು ಬರೆದವನು ಯಾರೇ ಆಗಿರಲಿ, ಆ ಹಾಳೆಯ ಮಟ್ಟಿಗೆ ಹವ್ಯಾಸಿಯೇ.

ಪುಷ್ಪಿಕೆಯಿಲ್ಲದ ಹಾಳೆಗಳ ಕಾಲನಿರ್ಣಯಕ್ಕೆ ಸ್ಥಳನಾಮಗಳು ಎಷ್ಟು ಉಪಕಾರಿಯೆಂಬುದನ್ನು ಕೋಲಾರ ಸೀಮೆಯಿಂದಲೇ ಉದಾಹರಿಸಬಹುದು. ಈಗಿನ ಶ್ರೀನಿವಾಸಪುರದ ಮೊದಲ ಹೆಸರು ಪಾಪನಪಲ್ಲಿ. ದಿವಾನ್ ಪೂರ್ಣಯ್ಯನು ತನ್ನ ಮಗ ಶ್ರೀನಿವಾಸಮೂರ್ತಿಯ ಹೆಸರನ್ನು ಅದಕ್ಕೆ ಇಟ್ಟನು. ಪೂರ್ಣಯ್ಯನ ಆಡಳಿತ ಆರಂಭವಾದುದು 1799ರಲ್ಲಿ. ಹಾಗಾಗಿ ಯಾವುದೇ ನಕ್ಷೆಯ ಅಥವಾ ಚಿತ್ರದ ಅಡಿಟಿಪ್ಪಣಿಯಲ್ಲಿ ಶ್ರೀನಿವಾಸಪುರವೆಂದಿದ್ದರೆ ಆ ಬರಹವು ಕಾರ್ನ್‌ವಾಲಿಸನ ಯುದ್ಧಕಾಲದ್ದಾಗಲಾರದು. ಪಾಪನಪಲ್ಲಿ ಎಂದಿದ್ದರೆ ಹಳೆಯ ಮಾಹಿತಿಯನ್ನು ಆಧರಿಸಿದೆಯೆಂದು ಊಹಿಸಲವಕಾಶವುಂಟು. ಆಂಗ್ಲರ ಕಿವಿಗೆ ಬಿದ್ದ ಹೆಸರುಗಳ ರೂಪಾಂತರವೂ ಹೀಗೆಯೇ. 1800ರ ಮೇ ತಿಂಗಳಲ್ಲಿ ಬೇತಮಂಗಲದಿಂದ ಬೆಂಗಳೂರಿಗೆ ನಡೆದ ಫ್ರಾನ್ಸಿಸ್ ಬುಕಾನನನ ದಿನಚರಿಯಲ್ಲಿ ನಮ್ಮ ಟೇಕಲ್ಲು ‘ತಾಯ್ಕುಲಂ’ ಆಗಿದೆ. ತಮಿಳು ಬಲ್ಲ ದುಭಾಷಿಯ ಉಚ್ಚಾರಣೆಯನ್ನು ಇಲ್ಲಿ ಕೇಳಬಹುದು. ಅಡಿಟಿಪ್ಪಣಿಯ ವರ್ಣವಿನ್ಯಾಸದಿಂದ ಬರೆದವನ ಪಕ್ಕದಲ್ಲಿ ನಿಂತು ಹೆಸರು ಹೇಳಿದವನಾರೆಂದು ತಿಳಿಯುವ ಈ ಕ್ರಮವನ್ನು ಮೆಕೆಂಜಿಯ ಜೈನ ಚಿತ್ರಗಳಿಗೂ ಅನ್ವಯಿಸಬೇಕು.

ಹೆಸರು ಹೇಳಿದವನ ಪ್ರಶ್ನೆ ನಮ್ಮನ್ನು ಧರ್ಮಯ್ಯನ ಬಳಿಗೆ ತರುತ್ತದೆ. ಇವನು ಮಲೆಯೂರಿನವನು. ಆಂಗ್ಲ ಲಿಪಿಯಲ್ಲಿ ಈ ಹೆಸರು ಕೋಲಾರದ ಮಾಲೂರಿಗೆ ತೀರ ಹತ್ತಿರ ಬರುವುದರಿಂದ ಎಚ್ಚರ ಅಗತ್ಯ. ಧರ್ಮಯ್ಯನ ಊರು ಚಾಮರಾಜನಗರದ ಸೀಮೆಯ ಕನಕಗಿರಿಯ ಮಲೆಯೂರು. ಪೂಜ್ಯಪಾದರ ಸ್ಮರಣೆಯಿಂದ ಪೂತವಾದ ಕ್ಷೇತ್ರ. ‘ರಾಜಾವಳೀ ಕಥೆ’ಯ ಕರ್ತೃ ದೇವಚಂದ್ರನ ಊರೂ ಅದೇ. 1804ರಲ್ಲಿ ಮೆಕೆಂಜಿಯು ಕನಕಗಿರಿಗೆ ಬಂದಾಗ ದೇವಚಂದ್ರನು ಅವನನ್ನು ಕಂಡು ಸ್ಥಳದ ಇತಿಹಾಸವನ್ನು ತಿಳಿಸಿದುದು ವಿದಿತವೇ ಇದೆ. ಹೀಗೆ ಒಂದೇ ಗ್ರಾಮದ ಇಬ್ಬರು ಜೈನ ವಿದ್ವಾಂಸರು ಈ ಸಂಗ್ರಹಕ್ಕೆ ಒದಗಿದ್ದಾರೆ. ಹಳಗನ್ನಡ ಶಾಸನಗಳನ್ನು ಓದುವುದರಲ್ಲಿ ಧರ್ಮಯ್ಯನ ನೆರವು ಮೆಕೆಂಜಿಗೆ ಅಮೂಲ್ಯವಾಗಿತ್ತು. ಲಕ್ಷ್ಮಯ್ಯನ ಅಣ್ಣ ಕಾವಲಿ ವೆಂಕಟ ಬೋರಯ್ಯನು ಒಬ್ಬ ಜೈನ ಪುರೋಹಿತನಿಂದ ಸಂಗ್ರಹಿಸಿದ ವಿವರವು 1807ರ ‘ಏಷಿಯಾಟಿಕ್ ರಿಸರ್ಚಸ್’ನ ಒಂಬತ್ತನೆಯ ಸಂಪುಟದಲ್ಲಿ ಮೆಕೆಂಜಿಯ ಮೂಲಕ ಪ್ರಕಟವಾಯಿತು. ಅದೇ ಸಂಪುಟದಲ್ಲಿ ಬುಕಾನನನ ದಿನಚರಿಯ ಜೈನವಿಷಯಕ ಭಾಗಗಳೂ ಮೇಲೆ ಹೇಳಿದ ಕೋಲ್‌ಬ್ರೂಕನ ಪ್ರಬಂಧವೂ ಇವೆ. ಬೋರಯ್ಯನು 1803ರಲ್ಲಿಯೇ ಅಕಾಲಮರಣಕ್ಕೆ ತುತ್ತಾಗಿದ್ದನು.

ಒಂದು ಪ್ರಾಂತದಲ್ಲಿ ಯಾವುದನ್ನು ನೋಡಬೇಕು, ಎಲ್ಲಿ ನಿಂತು ನೋಡಬೇಕು, ನೋಡಿದ್ದಕ್ಕೆ ಏನು ಹೆಸರು ಎಂಬುದನ್ನು ಹೊರಗಿನಿಂದ ಬಂದ ತರುಣ ಮೋಜಣಿದಾರನು ತಾನಾಗಿ ಅರಿಯಲಾರನು. ತೋರಿಸುವವನು ಇದ್ದಲ್ಲಿ ಬಸದಿ ಹಾಳೆಗೆ ಬಂದಿತು, ಇಲ್ಲದಲ್ಲಿ ಬರಲಿಲ್ಲ. ಕೋಲಾರವೇ ಇದಕ್ಕೆ ಪ್ರಬಲವಾದ ಸಾಕ್ಷಿ. ಕುವಳಾಲಪುರವರೇಶ್ವರರೆಂದು ಬಿರುದು ಹೊತ್ತ ಗಂಗರ ಮೂಲನೆಲೆ ಇದು. ಸಿಂಹನಂದ್ಯಾಚಾರ್ಯರ ಅನುಗ್ರಹದ ಕಥೆಯಲ್ಲಿ ನಂದಗಿರಿಯು ಕೋಟೆ, ಕುವಳಾಲವು ನಗರ. ಆದರೆ 1791ರ ಸೇನೆಯ ಕುಂಚಗಳೂ 1800ರ ನಂತರದ ಅಳತೆಯ ತಂಡಗಳೂ ಸಂಚರಿಸಿದ ಈ ಸೀಮೆಯಲ್ಲಿ, ಮಾಲೂರಿನ ದಕ್ಷಿಣಕ್ಕಿರುವ ನೊಣಮಂಗಲದ ಬಸದಿಯ ನೆಲಗಟ್ಟು 1897ರವರೆಗೆ ಮಣ್ಣಿನಡಿಯಲ್ಲಿಯೇ ಇತ್ತು. ಅಲ್ಲಿ ದೊರೆತ ತಾಮ್ರಪಟಗಳನ್ನು ಬಿ. ಎಲ್. ರೈಸ್ ಅವರು 1905ರ ‘ಎಪಿಗ್ರಾಫಿಯ ಕರ್ನಾಟಿಕ’ದ ಹತ್ತನೆಯ ಸಂಪುಟದಲ್ಲಿ ಮಾಲೂರು ತಾಲ್ಲೂಕಿನ 72 ಮತ್ತು 73ನೆಯ ಶಾಸನಗಳಾಗಿ ಪ್ರಕಟಿಸಿದರು. ಗಂಗ ಮಾಧವ ಮತ್ತು ಅವಿನೀತರ ಕಾಲದ ಆ ದಾನಪತ್ರಗಳಲ್ಲಿ ಮೂಲಸಂಘದ ಅರ್ಹದಾಯತನಗಳೂ ವೀರದೇವ, ಚಂದ್ರಣಂದಿ, ವಿಜಯಕೀರ್ತಿಗಳ ನಾಮಗಳೂ ಬಂದಿವೆ. ಪಟಗಳೊಡನೆ ಹಿತ್ತಾಳೆಯ ಬಿಂಬಗಳೂ ವಾದ್ಯಗಳೂ ಸಿಕ್ಕಿದುವು. ಕನಕಗಿರಿಯಲ್ಲಿ ಒಬ್ಬ ದೇವಚಂದ್ರನಿದ್ದಂತೆ ಆ ಊರಿನಲ್ಲಿ ಒಬ್ಬ ಜೈನ ವೃದ್ಧನು ಬದುಕಿದ್ದು ಆ ದಿಬ್ಬವನ್ನು ತೋರಿಸಿದ್ದರೆ ಒಂದು ರೇಖಾಚಿತ್ರವಾದರೂ ನಮಗೆ ಉಳಿಯುತ್ತಿತ್ತೇನೋ. ಕೋಲಾರದಲ್ಲಿ ಆ ಪ್ರವಾಸಿಗಳ ಕಣ್ಣಿಗೆ ಬಿದ್ದುದು ಹೈದರನ ತಂದೆ ಫತೇ ಮಹಮ್ಮದನ ಗೋರಿ.

ಇಷ್ಟರಿಂದ ಕಾರ್ಕಳದ ಹಾಳೆಯ ಬಗ್ಗೆ ಹೇಳಬಹುದಾದುದೇನು? ಅದು ಹಿಕ್ಕಿಯದಲ್ಲ. ಸೇನಾಧಿಕಾರಿಗಳ ಮುದ್ರಿತ ಸಂಪುಟಗಳಿಂದ ಎತ್ತಿದ್ದೂ ಅಲ್ಲ. ಮೆಕೆಂಜಿಯೇ ಬರೆದನೆಂಬ ಪಕ್ಷವೊಂದಿದೆ. ಅವನೂ ಚಿತ್ರ ಬರೆಯಬಲ್ಲವನಾಗಿದ್ದನು. ಆದರೆ ಅವನ ಸಂಗ್ರಹದ ಚಿತ್ರವೆಂದ ಮಾತ್ರಕ್ಕೆ ಅವನ ಕೈಯ ಚಿತ್ರವೆಂದು ತಿಳಿಯುವ ಹಳೆಯ ಅಭ್ಯಾಸವೇ ಈ ಪಕ್ಷಕ್ಕೆ ಹೆಚ್ಚಿನ ಬಲವನ್ನು ಕೊಟ್ಟಂತೆ ಕಾಣುತ್ತದೆ. ಭಂಡಾರದ ಒಡೆಯನ ಹೆಸರನ್ನು ಲಿಪಿಕಾರನ ಹೆಸರೆಂದು ಓದಿದಂತಾಯಿತು ಇದು. ನನ್ನ ಅಭಿಪ್ರಾಯದಲ್ಲಿ ಮದ್ರಾಸಿನ ಶಾಲೆಯಿಂದ ಬಂದ ಉಪಮೋಜಣಿದಾರರಲ್ಲೊಬ್ಬನ ಕೈ ಇದು. ತೋರಿಸಿದ ಬೆರಳು ಜೈನ ಪಂಡಿತನದು. ಹಿಕ್ಕಿಯು ಧರ್ಮಯ್ಯನನ್ನೂ ಗೊಮ್ಮಟನನ್ನೂ ಒಂದೇ ಕ್ಯಾನ್ವಾಸಿನಲ್ಲಿ ಇಟ್ಟುದು ಆಕಸ್ಮಿಕವಾಗಿರಲಾರದು. ಮೆಕೆಂಜಿಯು ತನ್ನ ಭಾವಚಿತ್ರಕ್ಕೆ ಅಮರಾವತಿಯನ್ನಾಗಲಿ, ತಾನು ಯುದ್ಧ ಮಾಡಿದ ಶ್ರೀರಂಗಪಟ್ಟಣವನ್ನಾಗಲಿ ಆರಿಸಿಕೊಳ್ಳದೆ ಈ ಮೂರ್ತಿಯನ್ನು ಆರಿಸಿಕೊಂಡನೆಂಬುದನ್ನೂ ಗಮನಿಸಬೇಕು.

ಉಪಮೋಜಣಿದಾರರಲ್ಲಿ ಯಾವನು ಎಂಬುದರ ನಿರ್ಣಯಕ್ಕೆ ಮೂರು ಬಗೆಯ ಸಾಮಗ್ರಿಗಳನ್ನು ಒಟ್ಟಿಗೆ ಇಟ್ಟು ನೋಡುವುದು ಅಗತ್ಯ. ಲಂಡನ್ನಿನಲ್ಲಿರುವ, ದಕ್ಷಿಣ ಕನ್ನಡದ ಬಸದಿ ಮತ್ತು ಮೂರ್ತಿಗಳ ಹಾಳೆಗಳು; ಅವುಗಳ ಅಡಿಟಿಪ್ಪಣಿಯ ಹಸ್ತಾಕ್ಷರವನ್ನು ಹ್ಯಾಮಿಲ್ಟನ್, ವಾರ್ಡ್ ಮುಂತಾದವರ ಸಹಿಯಿರುವ ನಕ್ಷೆಗಳೊಡನೆ ಹೋಲಿಸಬೇಕು. ಎರಡನೆಯದು, ಮೆಕೆಂಜಿಯ ದೇಶೀಯ ಸಹಾಯಕರು ತಾವಿದ್ದ ಊರುಗಳಿಂದ ಬರೆದು ಕಳುಹಿಸುತ್ತಿದ್ದ ಪತ್ರಗಳು ಮತ್ತು ವರದಿಗಳು. ಯಾವ ತಿಂಗಳಲ್ಲಿ ಯಾರು ಯಾರೊಡನೆ ಎಲ್ಲಿದ್ದರೆಂಬುದು ಅವುಗಳಿಂದ ಹೊರಡುತ್ತದೆ. ಮೂರನೆಯದು ಚೆನ್ನೈಯ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಭಂಡಾರದಲ್ಲಿರುವ ಹಾಗೂ 1994ರಲ್ಲಿ ಡಾ. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ ಸಂಪುಟದಲ್ಲಿ ಮುದ್ರಿತವಾಗಿರುವ ಕನ್ನಡ ಕೈಫಿಯತ್ತುಗಳು. ಕಾರ್ಕಳದ ಗುಡ್ಡದ ಕೆಳಗೆ ಬಿಡಾರ ಹೂಡಿದವರ ಸಾಲಿನಲ್ಲಿ ಒಬ್ಬ ಮೋಜಣಿ ಹುಡುಗನ ಹೆಸರೂ ಮಲೆಯೂರಿನ ಪಂಡಿತನ ಹೆಸರೂ ಒಂದೇ ತಾರೀಖಿನ ಕೆಳಗೆ ದೊರೆತರೆ ಚಿತ್ರದ ಪುಷ್ಪಿಕೆ ಪೂರ್ಣವಾಗುತ್ತದೆ.